ಚಕ್ರದ ಮೇಲೆ ನಿಲ್ಲುವವರೆಗೆ

ಕಿರ್ರ್ ಎಂದು ಎದುರು ಫುಟ್‌ಪಾತಿನಲ್ಲಿ ಬೀಗದ ಕೈ ಕೊರೆಯುವವನ ಯಂತ್ರ ಶುರುವಾಯಿತೆಂದರೆ ಬೆಳಗಾಯಿತೆಂದೇ ಅರ್ಥ. ಮಹಡಿಯ ಮೇಲೆ ಮಲಗಿದವಳ ಹಲ್ಲಿನ ಬೇರಿಗೇ ಹೋಗಿ ತಾಗುವ ಸದ್ದು ಅದು. ಯಾರದೋ ಮನೆಗೆ, ಯಾರದೋ ಬೀರುವಿಗೆ ಇನ್ನೊಂದು ಬೀಗದ ಕೈ ಹುಟ್ಟುತ್ತಿದೆ ಎಂದುಕೊಳ್ಳುತ್ತಲೇ ಅವಳು ಎದ್ದು, ಕೂದಲು ಗಂಟು ಹಾಕಿಕೊಂಡು, ತನ್ನ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲಿಳಿಯುತ್ತಿದ್ದಳು.

ಆ ಗೊಂಚಲು ಅಪ್ಪನದು. ಅಂಗಡಿಯ ಪ್ರತಿ ಗಾಜಿನ ಬೀರುವಿಗೂ ಅವರು ಬೇರೆ ಬೇರೆ ಬೀಗ ಹಾಕಿಸಿದ್ದರು. ಬೀಗ ಕೆಟ್ಟು ಎಸೆದ ಮೇಲೂ ಅದರ ಕೈಯನ್ನು ಎಸೆಯುತ್ತಿರಲಿಲ್ಲ. ಹೀಗಾಗಿ ಈಗ ಯಾವುದನ್ನೂ ತೆರೆಯದ ಕೈಗಳೂ ಅದರಲ್ಲಿ ಸೇರಿಕೊಂಡಿದ್ದವು. ದಿನವಿಡೀ ಸಿಕ್ಕಿಸಿಕೊಂಡರೆ ಸಂಜೆಯ ಹೊತ್ತಿಗೆ ಸೊಂಟದ ಆ ಬದಿ ಕೆಂಪಾಗಿರುತ್ತಿತ್ತು.

ಅಂಗಡಿಯ ಷಟರ್ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಎಣ್ಣೆ ಬಿಟ್ಟರೂ ಅಷ್ಟೇ, ಒದ್ದರೂ ಅಷ್ಟೇ. ಬಂದವರೆಲ್ಲ ಸೊಂಟ ಬಗ್ಗಿಸಿಯೇ ಒಳಗೆ ಬರಬೇಕು. ಒಳಗೆ ಬಂದು ನೆಟ್ಟಗಾದರೆ ತಲೆಯ ಮೇಲೆ ಎರಡು ಮಹಾಯುದ್ಧಗಳು. ಮೊದಲನೆಯದರ ಜೋಡಿರೆಕ್ಕೆಯ ವಿಮಾನಗಳು, ಬಟ್ಟೆ ಒಣಹಾಕಿದ ಹಾಗೆ ತಂತಿ ತಂತಿಯಾಗಿ. ಎರಡನೆಯದರ ಚೂಪು ಮೂಗಿನ ಯುದ್ಧವಿಮಾನಗಳು, ಹೊಟ್ಟೆ ದಪ್ಪದ ಬಾಂಬರುಗಳು. ಎಲ್ಲವೂ ಕೈಯಿಂದ ಜೋಡಿಸಿದ ಪ್ಲಾಸ್ಟಿಕ್ ಮಾದರಿಗಳು, ಮೀನು ಹಿಡಿಯುವ ನೈಲಾನ್ ದಾರದಲ್ಲಿ ಚಾವಣಿಯಿಂದ ತೂಗುತ್ತಿದ್ದವು. ಫ್ಯಾನ್ ಹಾಕಿದರೆ ಎಲ್ಲ ಒಟ್ಟಿಗೆ ಸ್ವಲ್ಪ ಬಲಕ್ಕೆ ತಿರುಗಿ, ಮತ್ತೆ ಸ್ವಲ್ಪ ಎಡಕ್ಕೆ ತಿರುಗಿ, ಇದ್ದಲ್ಲೇ ಇರುತ್ತಿದ್ದವು. ಅವುಗಳ ಬೆನ್ನಿನ ದೂಳನ್ನು ಮೆತ್ತನೆಯ ಕುಂಚದಿಂದ ತೆಗೆಯುವುದು ಅವಳಿಗೆ ಸ್ಟೂಲಿನ ಮೇಲೆ ನಿಲ್ಲಲು ಬಂದಾಗಿನಿಂದ ಅವಳದೇ ಕೆಲಸ.

ಅವಳನ್ನು ಎಲ್ಲರೂ ಗೋಂದು ಎಂದೇ ಕರೆಯುತ್ತಿದ್ದರು. ಚಿಕ್ಕವಳಿದ್ದಾಗ ಅಪ್ಪನ ಅಂಗಿಯ ಚುಂಗು ಹಿಡಿದು ಬಿಡುತ್ತಲೇ ಇರಲಿಲ್ಲವಂತೆ; ಅಪ್ಪನೇ ಇಟ್ಟ ಹೆಸರು. ಮೂವತ್ತು ದಾಟಿದರೂ ಆ ಹೆಸರು ಬಿಟ್ಟುಹೋಗಿರಲಿಲ್ಲ.

“ಹೆಸರಿಟ್ಟವರು ಹೋದ್ರು, ಅಂಟಿಕೊಂಡವಳು ಉಳಿದ್ಲು” ಎಂದು ಅಮ್ಮ ಆಗಾಗ ಹೇಳುವುದುಂಟು. ಅಮ್ಮನಿಗೆ ಮಹಡಿಯಲ್ಲಿ ತನ್ನದೇ ಲೋಕವಿತ್ತು. ಶಾಲೆಗಳಿಗೆ ಯೂನಿಫಾರ್ಮ್ ಹೊಲಿಯುವ ಕೆಲಸ, ಎರಡು ಮೆಷಿನ್, ಜೊತೆಗೆ ಹೊಲಿಯಲು ಬರುವ ಇಬ್ಬರು ಹೆಂಗಸರು, ಅವರ ನಗು. ಕೆಳಗಿನ ಅಂಗಡಿಗೆ ಅಮ್ಮ ಇಳಿಯುತ್ತಿದ್ದುದೇ ಅಪರೂಪ. “ನಿಮ್ಮಪ್ಪ ಜೀವಮಾನದಲ್ಲಿ ಒಂದು ಸಲ ವಿಮಾನ ಹತ್ತಲಿಲ್ಲ. ನನ್ನನ್ನೂ ಹತ್ತಿಸ್ಲಿಲ್ಲ. ತಲೆ ಮೇಲೆ ತೂಗುಹಾಕಿಟ್ಟು ಹೋಗ್ಬಿಟ್ರು.”

ಅಪ್ಪ ಹೋದದ್ದು ಒಂದು ಕಾಯುವಿಕೆಯ ನಡುವೆ. ಹೊರದೇಶದ ಒಂದು ಕಂಪನಿ ಎರಡನೇ ಯುದ್ಧದ ನಾಲ್ಕು ಎಂಜಿನ್ನಿನ ಬಾಂಬರನ್ನು ಹಿಂದೆಂದೂ ಇಲ್ಲದಷ್ಟು ದೊಡ್ಡದಾಗಿ, ಜೋಡಿಸುವ ಬಿಡಿಭಾಗಗಳ ಪೆಟ್ಟಿಗೆಯಾಗಿ ತರುತ್ತೇನೆಂದು ಹೇಳಿತ್ತು. ನಿಜವಾದದ್ದರ ಮೂವತ್ತೆರಡನೇ ಒಂದು ಪಾಲು. ರೆಕ್ಕೆಯ ತುದಿಯಿಂದ ತುದಿಗೆ ಹೆಚ್ಚುಕಡಿಮೆ ಅರ್ಧ ಮಾರು ಅಗಲ. ಮೊದಲು ಒಂದು ರೇಖಾಚಿತ್ರ ಬಂತು. ಮರುವರ್ಷ ಬೂದು ಬಣ್ಣದ ಬಾಲದ ಫೋಟೋ ಬಂತು. ಆಮೇಲೆ, ಅಚ್ಚಿನಲ್ಲಿ ತೊಂದರೆ, ಮುಂದಿನ ವರ್ಷ ಎಂದರು. ಮುಂದಿನ ವರ್ಷ ಬಂದು, ಅದರ ಮುಂದಿನದೂ ಬಂದು ಹೋಯಿತು.

ಅದಕ್ಕಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದವರು ಮುಖ್ಯವಾಗಿ ಮೂವರು. ಬೀದಿಯ ತುದಿಯಲ್ಲಿ ಕ್ಲಿನಿಕ್ ಇಟ್ಟಿದ್ದ ಹಲ್ಲಿನ ಡಾಕ್ಟರು. ನಿವೃತ್ತರಾದ ಬಸ್ ಕಂಡಕ್ಟರು. ಮತ್ತು ನರ್ಸಮ್ಮ, ಅವರೂ ನಿವೃತ್ತರೇ. ನರ್ಸಮ್ಮನಿಗೆ ನಿಜವಾಗಿ ಇಷ್ಟವಿದ್ದದ್ದು ಮೊದಲ ಯುದ್ಧದ ಜೋಡಿರೆಕ್ಕೆಯವು. ಆದರೂ ದೊಡ್ಡದು ಬಂದಾಗ ತಾನಿಲ್ಲದಿದ್ದರೆ ಹೇಗೆ ಎಂದು ಅವರೂ ಒಂದಕ್ಕೆ ಹೆಸರು ಬರೆಸಿದ್ದರು. ಮೂವರೂ ಸಂಜೆ ಬಗ್ಗಿ ಬಂದು, ಗಾಜಿನ ಕಟ್ಟೆಯ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.

“ಬಂತಾ?” ಇದು ಡಾಕ್ಟರ ಮೊದಲ ಮಾತು. ನಮಸ್ಕಾರದ ಬದಲು.

“ಬಂದಿದ್ರೆ ನಾನಿಲ್ಲಿ ಹೀಗೆ ಕೂತಿರ್ತಿದ್ನಾ?” ಕಂಡಕ್ಟರಣ್ಣನ ಉತ್ತರ.

“ಫೋಟೋದಲ್ಲಿ ಆ ಬಾಲದ ಬಾಗು ಸರಿ ಇಲ್ಲ ಕಣ್ರೀ. ನಾನು ಅಳತೆ ಹಾಕಿ ನೋಡ್ದೆ.”

“ನೀವು ಅಳತೆ ಹಾಕಿದ್ದಕ್ಕೇ ನನ್ನ ಹಿಂದಿನ ಹಲ್ಲು ಇವತ್ತಿಗೂ ಅಲ್ಲಾಡ್ತಿದೆ.”

ನರ್ಸಮ್ಮ ಸೀರೆಯ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದರು. ದಿನಾ ಇದೇ ಮಾತು, ದಿನಾ ಇದೇ ನಗು. ಅದರಲ್ಲೊಂದು ಬೆಚ್ಚಗಿನ ಸುಖವಿತ್ತೆಂಬುದನ್ನು ಅವಳೂ ಅಲ್ಲಗಳೆಯುತ್ತಿರಲಿಲ್ಲ.

ಅಪ್ಪ ತೀರಿಕೊಂಡ ವಾರ ಮೂವರೂ ಬಂದು ಕೂತಿದ್ದರು. ಯಾರೂ ಕುರ್ಚಿಯನ್ನು ಮುಂದಕ್ಕೆಳೆದಿರಲಿಲ್ಲ. ಬಹಳ ಹೊತ್ತಿನ ಮೇಲೆ ಕಂಡಕ್ಟರಣ್ಣ ಗಂಟಲು ಸರಿಮಾಡಿಕೊಂಡು, “ಹಾಗಾದ್ರೆ… ದೊಡ್ಡದು?” ಎಂದರು. ಕೇಳಿದ ತಕ್ಷಣ ನಾಚಿಕೊಂಡು ತಲೆ ತಗ್ಗಿಸಿದರು. ಅವರ ಮುಖ ನೋಡಲಾರದೆ ಅವಳು, “ಬರ್ಲಿ ಕಂಡಕ್ಟರಣ್ಣ. ಅದು ಬಂದು ಚಕ್ರದ ಮೇಲೆ ನಿಲ್ಲೋವರೆಗೂ ಅಂಗಡಿ ತೆರೆದೇ ಇಟ್ಟಿರ್ತೀನಿ” ಎಂದುಬಿಟ್ಟಳು. ಸಮಾಧಾನಕ್ಕೆ ಆಡಿದ ಮಾತು, ಒಂದು ಲೋಟ ನೀರು ಕೊಟ್ಟ ಹಾಗೆ. ಅವರು ಅದನ್ನು ಜೋಪಾನವಾಗಿ ಎತ್ತಿಟ್ಟುಕೊಂಡರು.

ಚಕ್ರದ ಮೇಲೆ ನಿಲ್ಲುವುದೆಂಬುದು ಅಂಗಡಿಯ ಕಟ್ಟಳೆ. ಹೊಸ ವಿಮಾನ ಯಾವುದೇ ಬರಲಿ, ಮೊದಲ ಪೆಟ್ಟಿಗೆಯನ್ನು ಅಪ್ಪ ಅಲ್ಲೇ ಎಲ್ಲರ ಕಣ್ಣೆದುರು ಬಿಚ್ಚಿ, ತಾನೇ ಜೋಡಿಸುತ್ತಿದ್ದರು. ಅದಕ್ಕೆ ಅಂಗಡಿಯ ವಿಮಾನ ಎಂದು ಹೆಸರು. ಅದು ಮುಗಿದು, ಗಾಜಿನ ಕಟ್ಟೆಯ ಮೇಲೆ ತನ್ನ ಚಕ್ರಗಳ ಮೇಲೆ ನಿಲ್ಲುವವರೆಗೆ ಬೇರೆ ಯಾರೂ ತಮ್ಮ ಪೆಟ್ಟಿಗೆ ತೆರೆಯುವಂತಿಲ್ಲ. ಎಲ್ಲಿ ಅಂಚು ಕೂಡುವುದಿಲ್ಲ, ಎಲ್ಲಿ ಮೋಸವಿದೆ ಎಂಬುದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿರುತ್ತಿತ್ತು. ನಿಂತ ಮೇಲೆ ಅಪ್ಪ ಕೈ ಒರೆಸಿಕೊಂಡು, “ಇನ್ನು ನೀವುಂಟು, ನಿಮ್ಮ ವಿಮಾನ ಉಂಟು” ಎನ್ನುತ್ತಿದ್ದರು. ಆಗ ಎಲ್ಲರೂ ತಮ್ಮ ತಮ್ಮ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಗ್ಗಿ ಹೊರಗೆ ಹೋಗುತ್ತಿದ್ದರು.

ಅವಳಿಗೂ ಒಂದು ಕಡೆ ಹೋಗುವುದಿತ್ತು. ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರಿನಲ್ಲಿ ಕೃತಕ ಕೈಕಾಲು ಮಾಡುವ ಒಂದು ಕಾರ್ಯಾಗಾರ. ನರ್ಸಮ್ಮನೇ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿದ್ದರು. ಅಲ್ಲಿಯ ಮುಖ್ಯಸ್ಥೆ ಅವಳ ಕೈಗೆ ಒಂದು ಕೃತಕ ಹೆಬ್ಬೆರಳು ಕೊಟ್ಟು, “ಇದರ ಅಂಚು ಸ್ವಲ್ಪ ಮೆತ್ತಗೆ ಮಾಡಿ ನೋಡೋಣ” ಎಂದಿದ್ದರು. ಅವಳು ಅರ ಹಿಡಿದು ಉಜ್ಜಿ ಕೊಟ್ಟಳು. ಆ ಹೆಬ್ಬೆರಳು ಕೂರಿಸಿದ ಕೈಯನ್ನು ತೊಟ್ಟುಕೊಂಡ ಒಬ್ಬಾಕೆ ಮೇಜಿನ ಮೇಲಿಂದ ಅಂಗಿಯ ಗುಂಡಿಯೊಂದನ್ನು ಎತ್ತಿ, ಮತ್ತೆ ಕೆಳಗಿಟ್ಟು, ಮತ್ತೆ ಎತ್ತಿ, ಕೊನೆಗೆ ಅದನ್ನು ಜೇಬಿಗೇ ಹಾಕಿಕೊಂಡು ಹೋಗಿಬಿಟ್ಟಳು. ಆ ಕೋಣೆಗೆ ಗೋಡೆಗಿಂತ ಕಿಟಕಿ ದೊಡ್ಡದು. ಅಲ್ಲಿ ಮಾಡಿದ ವಸ್ತುಗಳು ನಡೆದುಕೊಂಡು ಹೊರಗೆ ಹೋಗುತ್ತಿದ್ದವು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಅದನ್ನೇ ನೆನೆಯುತ್ತ ಕೂತಿದ್ದಳು.

“ಕೆಲಸಕ್ಕೆ ಬರ್ತೀನಿ, ದೊಡ್ಡದು ಬಂದ್ಬಿಡ್ಲಿ” ಎಂದು ಅವಳು ಮುಖ್ಯಸ್ಥೆಗೆ ಫೋನಿನಲ್ಲಿ ಹೇಳುತ್ತಲೇ ಬಂದಳು. ಆಕೆಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ಬರುತ್ತಿರಲಿಲ್ಲ. ಕೊನೆಯ ಸಲ, “ನೋಡಮ್ಮಾ, ಈ ತಿಂಗಳು ಮುಗಿಯೋವರೆಗೆ ಜಾಗ ಇಟ್ಟಿರ್ತೀನಿ. ಆಮೇಲೆ ಬೇರೆಯವರನ್ನ ತಗೋಬೇಕಾಗತ್ತೆ. ಇಲ್ಲಿ ಕಾಯ್ತಿರೋರಿಗೆ ಬೇಕಾಗಿರೋದು ಕಾಲು” ಎಂದರು. ಅವಳು ಫೋನ್ ಇಟ್ಟು ತಲೆ ಎತ್ತಿದಳು. ಫ್ಯಾನಿನ ಗಾಳಿಗೆ ಎಲ್ಲ ವಿಮಾನಗಳೂ ಸ್ವಲ್ಪ ಬಲಕ್ಕೆ ತಿರುಗಿದವು.

ಆ ತಿಂಗಳ ಮೊದಲ ವಾರದಲ್ಲೇ ಪಾರ್ಸೆಲ್ ಬಂತು.

ಷಟರಿನಡಿ ಪೆಟ್ಟಿಗೆ ಹಿಡಿಸಲಿಲ್ಲ. ತಂದವನು ಅದನ್ನು ಮಲಗಿಸಿ, ಒಳಗೆ ದೂಡಿ, “ಏನ್ರೀ ಇದು, ಬಾಗಿಲಾ?” ಎಂದು ಕೇಳಿದ. ಸುದ್ದಿ ಹೇಗೆ ಹೋಯಿತೋ, ಡಾಕ್ಟರು ಯಾರದೋ ಬಾಯಿ ತೆರೆಸಿಟ್ಟು ಬಂದಿದ್ದರು. ಕೈಗೆ ಇನ್ನೂ ಗ್ಲೌಸ್ ಇತ್ತು. ಒಳಗಿದ್ದ ನಾಲ್ಕು ಪೆಟ್ಟಿಗೆಗಳಲ್ಲಿ ಮೂವರವನ್ನು ಬದಿಗಿಟ್ಟು ಅಂಗಡಿಯದನ್ನು ಬಿಚ್ಚಿದಾಗ ಹೊಸ ಪ್ಲಾಸ್ಟಿಕ್ಕಿನ ವಾಸನೆ ಬಂತು. ಚೌಕಟ್ಟು ಚೌಕಟ್ಟಾಗಿ ಬೂದು ಭಾಗಗಳು, ಒಂದೊಂದು ಅಂಗೈಯಷ್ಟು ಎಂಜಿನ್ನು, ರೆಕ್ಕೆಯ ಮೇಲೆ ಸಾಸಿವೆಗಿಂತ ಸಣ್ಣ ರಿವೆಟ್ಟುಗಳ ಸಾಲು. ಮೂವರೂ ಬಾಯಿ ಮುಚ್ಚಿ ನೋಡಿದರು. ಅವರು ಅಷ್ಟು ಹೊತ್ತು ಸುಮ್ಮನಿದ್ದುದನ್ನು ಅವಳು ಕಂಡದ್ದು ಅಪ್ಪ ತೀರಿಕೊಂಡ ವಾರ ಮಾತ್ರ.

“ಬಾಲದ ಬಾಗು ಸರಿಯಾಗೇ ಇದೆಯಲ್ರೀ” ಎಂದರು ಕಂಡಕ್ಟರಣ್ಣ ಮೆಲ್ಲಗೆ.

 ಪಾಪ, ಡಾಕ್ಟರ ಮುಖ ಸ್ವಲ್ಪ ಬಾಡಿತ್ತು. ಇನ್ನು ಸಂಜೆಗೆ ಏನು ಮಾತಾಡುವುದು?

ಅವಳು ಅಂದೇ ಕೂತಳು. ಅಪ್ಪನಾಗಿದ್ದರೆ ಅಂಥದಕ್ಕೆ ಒಂದು ಮಳೆಗಾಲ, ಒಂದು ಚಳಿಗಾಲ ಬೇಕಾಗುತ್ತಿತ್ತು. ಅವಳು ಬೆಳಿಗ್ಗೆ ಬೀಗದ ಕೈಯವನ ಯಂತ್ರದ ಸದ್ದಿಗೆ ಕೂತರೆ, ಅವನು ಪೆಟ್ಟಿಗೆ ಮುಚ್ಚಿ ಹೋಗುವವರೆಗೆ ಏಳುತ್ತಿರಲಿಲ್ಲ. ಅರದಿಂದ ಉಜ್ಜಿ, ಅಂಟು ಹಾಕದೆ ಮೊದಲು ಜೋಡಿಸಿ ನೋಡಿ, ಬಿಚ್ಚಿ, ಮತ್ತೆ ಉಜ್ಜಿ, ಆಮೇಲೆ ಅಂಟು. ಪೈಲಟ್ಟಿನ ಕುರ್ಚಿಗೆ ಕೂದಲೆಳೆಯಂಥ ಬೆಲ್ಟು. ಮೂತಿಯ ಗಾಜಿಗೆ ಬೆರಳಿನ ಗುರುತು ಬೀಳಬಾರದೆಂದು ಉಸಿರು ಕಟ್ಟಿಕೊಂಡೇ ಒರೆಸಿದಳು. ಅಮ್ಮ ಒಂದು ಮಧ್ಯಾಹ್ನ ಊಟದ ತಟ್ಟೆ ಹಿಡಿದು ಕೆಳಗಿಳಿದು ಬಂದವರು, ಹೊಟ್ಟೆಯ ಎರಡು ಹೋಳುಗಳು ರಬ್ಬರ್ ಬ್ಯಾಂಡಿನಲ್ಲಿ ಒಂದಾಗಿ ಕೂತಿದ್ದನ್ನು ನೋಡಿ ನಿಂತರು.

“ಏನೇ ಇದು, ನಾವಿಬ್ರು ಒಳಗೆ ಕೂರ್ಬಹುದೇನೋ.”

“ಇನ್ನು ಸ್ವಲ್ಪ ದಿನ ಅಷ್ಟೇ ಅಮ್ಮ.”

“ನಿಮ್ಮಪ್ಪನೂ ಅದನ್ನೇ ಅಂತಿದ್ರು.” ತಟ್ಟೆ ಇಟ್ಟು ತಿರುಗಿದವರು ಮೆಟ್ಟಿಲ ಬುಡದಲ್ಲಿ ನಿಂತು, ಗೋಡೆಗೆ ಹೇಳುವ ಹಾಗೆ ಹೇಳಿದರು: “ನಿನ್ನ ಬ್ಯಾಗಿನ ಜಿಪ್ಪು ಕೆಟ್ಟಿತ್ತು. ಹೊಸದು ಹಾಕಿದೀನಿ.”

ಅವಳ ತಟ್ಟೆಯಲ್ಲಿ ಅನ್ನ ಆರಿ ಹೋಯಿತು.

ತಿಂಗಳು ಮುಗಿಯುವ ಹೊತ್ತಿಗೆ ಬಣ್ಣ ಒಣಗಿತು, ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳೂ ಕೂತವು. ಚಕ್ರಗಳನ್ನು ಎಲ್ಲಕ್ಕಿಂತ ಕೊನೆಗೆ ಹಾಕುವುದು ರೂಢಿ. ಮೊದಲೇ ಹಾಕಿದರೆ ಕೆಲಸದ ನಡುವೆ ಮುರಿಯುತ್ತವೆ. ರೆಕ್ಕೆಯಡಿಗೆ ಎರಡು ಜೊತೆ, ಮೂತಿಯಡಿಗೆ ಒಂದು. ಅವನ್ನು ಅಂಟಿಸಿ, ವಿಮಾನವನ್ನು ಬೆನ್ನ ಮೇಲೆ ಮಲಗಿಸಿ ಒಣಗಲು ಬಿಟ್ಟು, ಮೂವರಿಗೂ ಹೇಳಿ ಕಳಿಸಿದಳು. ಮುಖ್ಯಸ್ಥೆಗೆ ಫೋನ್ ಮಾಡಿ, “ನಾಳೆ ಬೆಳಿಗ್ಗೆ ಅಲ್ಲಿರ್ತೀನಿ” ಎಂದಳು. ಹೊಸ ಜಿಪ್ಪಿನ ಬ್ಯಾಗು ಗಾಜಿನ ಕಟ್ಟೆಯ ಹಿಂದೆ ಬಂದು ಕೂತಿತು. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.

ಮೂವರೂ ಒಗೆದ ಬಟ್ಟೆ ಹಾಕಿಕೊಂಡು ಬಂದಿದ್ದರು. ಕಂಡಕ್ಟರಣ್ಣ ಹಳೆಯ ಯೂನಿಫಾರ್ಮಿನ ಕೋಟು ಹಾಕಿದ್ದರು. ಅಮ್ಮನೂ ಇಳಿದು ಬಂದು ಮೆಟ್ಟಿಲ ಮೇಲೆ ಕೂತರು. ಅವಳು ವಿಮಾನವನ್ನು ಎರಡೂ ಕೈಯಲ್ಲಿ, ಎಳೆಗೂಸನ್ನು ಎತ್ತುವ ಹಾಗೆ ಎತ್ತಿ, ತಿರುಗಿಸಿ, ಗಾಜಿನ ಮೇಲೆ ಇಳಿಸಿ, ಕೈ ಬಿಟ್ಟಳು.

ಒಂದು ಗಳಿಗೆ ನಿಂತಿತು. ಆಮೇಲೆ ಯಾರೋ ಹಿಂದಿನಿಂದ ಮೆಲ್ಲಗೆ ಎಳೆದ ಹಾಗೆ ಮೂತಿ ಎತ್ತಿ, ಬಾಲ ಊರಿ, ಕೂತ ನಾಯಿಯ ಹಾಗೆ ಕೂತುಬಿಟ್ಟಿತು. ಮುಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತಿತ್ತು.

ಏನು ಬಿಟ್ಟುಹೋಗಿದೆಯೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮೂತಿಗೆ ಭಾರ ಹಾಕಿರಲಿಲ್ಲ. ಮೂತಿಯಡಿ ಚಕ್ರವಿರುವ ವಿಮಾನವಾದರೆ, ಹೊಟ್ಟೆ ಮುಚ್ಚುವ ಮೊದಲು ಪೈಲಟ್ಟಿನ ಕಾಲಡಿಯ ಗೂಡಿನಲ್ಲಿ ಸೀಸದ ಗುಂಡುಗಳನ್ನು ತುಂಬಬೇಕು. ಇಲ್ಲದಿದ್ದರೆ ಬಾಲವೇ ಭಾರವಾಗಿ ಹಿಂದಕ್ಕೆ ಕೂರುತ್ತದೆ. ಅಪ್ಪ ಆ ಹೊತ್ತು ಬಂದಾಗ ತಲೆ ಎತ್ತದೆ ಎಡಗೈ ಚಾಚಿ, “ಭಾರ” ಎನ್ನುತ್ತಿದ್ದರು. ಅವಳು ಡಬ್ಬಿಯಿಂದ ಗುಂಡುಗಳನ್ನು ಆ ಅಂಗೈಗೆ ಸುರಿಯುತ್ತಿದ್ದಳು. ಫ್ರಾಕ್ ಹಾಕುತ್ತಿದ್ದ ಕಾಲದಿಂದಲೂ ಅದು ಅವಳ ಪಾಲಿನ ಕೆಲಸ. ಒಂದು ಸಲವೂ ಅವಳು ಅದನ್ನು ನೆನಪಿಟ್ಟುಕೊಳ್ಳಬೇಕಾಗಿ ಬಂದಿರಲಿಲ್ಲ. ಕಂಪನಿಯ ಚಿತ್ರಪುಸ್ತಕದ ಮೂಲೆಯಲ್ಲೂ ಸಣ್ಣದೊಂದು ತೂಕದ ಗುರುತಿತ್ತು. ಅಪ್ಪ ಆ ಪುಸ್ತಕ ತೆರೆಯುತ್ತಿರಲಿಲ್ಲ, ಅವಳಿಗೂ ಅಭ್ಯಾಸವಾಗಿರಲಿಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದ್ದಳು. ಕೈ ಚಾಚುವವರೊಬ್ಬರು ಇರಲಿಲ್ಲ ಅಷ್ಟೆ. ಸೀಸದ ಡಬ್ಬಿ ಅಲ್ಲೇ, ಮೊಣಕೈಯ ಪಕ್ಕದಲ್ಲೇ ಇತ್ತು.

ಮೊದಲು ಬಾಯಿ ತೆರೆದವರು ಡಾಕ್ಟರು. “ಪರವಾಗಿಲ್ಲ ಗೋಂದು, ಪರವಾಗಿಲ್ಲ. ಮೂತಿ ಕೊಯ್ದು ತೆಗೆದ್ರಾಯ್ತು. ನಾಜೂಕಾಗಿ ಕೊಯ್ಯೋ ಗರಗಸ ನನ್ನ ಹತ್ರ ಇದೆ.”

“ಕೊಯ್ದ್ರೆ ಗಾಜು ಸೀಳತ್ತೆ. ನಾವು ಹೊಸ ಗಾಜಿಗೆ ಕಂಪನಿಗೆ ಬರೀಬೇಕು” ಎಂದರು ಕಂಡಕ್ಟರಣ್ಣ.

“ಬರೆಯೋಣ. ಕಳಿಸ್ತಾರೆ. ತಡ ಆಗತ್ತೆ ಅಷ್ಟೇ.”

“ಆಗ್ಲಿ ಬಿಡಿ! ಇಷ್ಟು ವರ್ಷ ಕಾದವರಿಗೆ ಇನ್ನೊಂದು ವರ್ಷ ಯಾವ ಲೆಕ್ಕ? ಅಂಗಡಿ ವಿಮಾನ ನಿಲ್ದೆ ನಾವೇನು ನಮ್ಮ ಪೆಟ್ಟಿಗೆ ತೆಗೀತೀವಾ? ಛೆ ಛೆ.”

“ಆ ಹೊಸ ಗಾಜಿನ ಬಾಗು ಸರಿ ಇರತ್ತೋ ಇಲ್ವೋ, ನೋಡ್ಬೇಕು.”

“ಅಳತೆ ಹಾಕ್ಬಿಡಿ ನೀವು!”

ಇಬ್ಬರೂ ಕುರ್ಚಿ ಎಳೆದುಕೊಂಡು ಕೂತರು. ಅವಳು ಅವರ ಮುಖ ನೋಡಿದಳು. ಕಂಡಕ್ಟರಣ್ಣನ ಕಣ್ಣು ಮಿನುಗುತ್ತಿತ್ತು. ಪಾರ್ಸೆಲ್ ಬಂದ ದಿನ ಡಾಕ್ಟರ ಮುಖದಲ್ಲಿ ಬಾಡಿದ್ದ ಏನೋ ಒಂದು ಮತ್ತೆ ಚಿಗುರಿತ್ತು. ಕಳೆದುಹೋದ ವಸ್ತು ಕೈಗೆ ಸಿಕ್ಕವರ ಹಾಗಿದ್ದರು ಇಬ್ಬರೂ. ಅವರು ಕೆಟ್ಟವರಲ್ಲ. ಅವಳ ಜ್ವರಕ್ಕೆ ಮಾತ್ರೆ ತಂದವರು, ಅಪ್ಪನ ಹೆಣಕ್ಕೆ ಹೆಗಲು ಕೊಟ್ಟವರು. ಬೈಯಲು ಯಾರೂ ಇರಲಿಲ್ಲ ಎಂಬುದೇ ಕಷ್ಟವಾಗಿತ್ತು. ಮುಂದಿನ ವರ್ಷಗಳು ಅವಳಿಗೆ ಒಂದೊಂದಾಗಿ ಕಂಡವು: ಕುಂಚ, ದೂಳು, ಬಂತಾ ಎಂಬ ಪ್ರಶ್ನೆ, ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ.

“ನೀನು ಏನಂತೀಯ ಗೋಂದು?” ಎಂದರು ಡಾಕ್ಟರು. “ಕೊಯ್ಯೋಣ್ವಾ?”

ಅವಳು ನರ್ಸಮ್ಮನ ಕಡೆ ನೋಡಿದಳು. ನರ್ಸಮ್ಮ ಕುರ್ಚಿ ಎಳೆದುಕೊಂಡಿರಲಿಲ್ಲ. ಬ್ಯಾಗನ್ನೇ ನೋಡುತ್ತ ನಿಂತಿದ್ದರು. ಎದುರು ಫುಟ್‌ಪಾತಿನಲ್ಲಿ ಯಂತ್ರ ಕಿರ್ರ್ ಎಂದಿತು.

ಅವಳ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಗೊಂಚಲನ್ನು ಬಿಚ್ಚಿ ತೆಗೆದಳು. ಅಂಗೈಯಲ್ಲಿ ಒಮ್ಮೆ ತೂಗಿ ನೋಡಿದಳು. ಷಟರಿನದು, ಬೀರುಗಳದು, ಯಾವುದನ್ನೂ ತೆರೆಯದವು. ಬಣ್ಣ ಕೆರೆಯದ ಹಾಗೆ ತನ್ನ ಕರವಸ್ತ್ರವನ್ನು ಮಡಿಸಿ, ಪೈಲಟ್ಟಿನ ಗಾಜಿನ ಮುಂದೆ, ವಿಮಾನದ ಮೂತಿಯ ಮೇಲೆ ಹಾಸಿದಳು. ಅದರ ಮೇಲೆ ಗೊಂಚಲನ್ನು ಒಂದೊಂದೇ ಬೀಗದ ಕೈ ಜೋಡಿಸಿಡುತ್ತ ಇಳಿಸಿದಳು.

ಬಾಲ ಎದ್ದಿತು. ಮೂತಿ ನಿಧಾನವಾಗಿ ತಗ್ಗಿತು. ಟಕ್ ಎಂದು ಮುಂದಿನ ಚಕ್ರ ಗಾಜಿಗೆ ತಾಗಿತು.

 ಮೆಟ್ಟಿಲ ಮೇಲಿಂದ ಅಮ್ಮ ಸಣ್ಣಗೆ “ಹ್ಞೂಂ” ಎಂದದ್ದು ಕೇಳಿಸಿತು.

“ಇದು… ಇದು ನಿಂತ ಹಾಗಲ್ಲಮ್ಮ” ಎಂದರು ಡಾಕ್ಟರು.

“ಯಾವ ಚಕ್ರ ನೆಲಕ್ಕೆ ತಾಗಿಲ್ಲ, ತೋರಿಸಿ” ಎಂದರು ನರ್ಸಮ್ಮ.

ಕಂಡಕ್ಟರಣ್ಣ ಬಗ್ಗಿ, ಕೆನ್ನೆಯನ್ನು ಗಾಜಿಗೆ ಒತ್ತಿ ನೋಡಿದರು. ಟಿಕೆಟ್ಟು ಪರೀಕ್ಷಿಸುವವರ ಹಾಗೆ ಎಲ್ಲ ಚಕ್ರಗಳನ್ನೂ ನೋಡಿ, “ತಾಗಿದೆ” ಎಂದು ಒಪ್ಪಿಕೊಂಡರು. ಆಮೇಲೆ ಗಾಬರಿಯಿಂದ ತಲೆ ಎತ್ತಿದರು. “ಆದ್ರೆ ಕೀ ಗೊಂಚಲು ಇಲ್ಲಿದ್ರೆ ಅಂಗಡಿಗೆ ಬೀಗ ಹಾಕೋದು ಹೇಗೆ? ತೆಗೆದ್ರೆ ಇದು ಮತ್ತೆ ಕೂರತ್ತೆ!”

“ಎದುರಿಗೇ ಕೂತಿದಾನಲ್ಲ, ಅವನ ಹತ್ರ ಇನ್ನೊಂದು ಮಾಡಿಸ್ಕೊಳ್ಳಿ” ಎಂದರು ಅಮ್ಮ.

ನರ್ಸಮ್ಮ ಈ ಸಲ ಸೆರಗು ಅಡ್ಡ ಹಿಡಿಯದೆ ನಕ್ಕುಬಿಟ್ಟರು. ಡಾಕ್ಟರು ಮಾತ್ರ ವಿಮಾನವನ್ನೂ ಅವಳನ್ನೂ ಮತ್ತೆ ಮತ್ತೆ ನೋಡುತ್ತ, “ನಾಳೆ ಷಟರ್ ತೆಗೆಯೋರು ಯಾರು? ಇವುಗಳ ದೂಳು? ಗೋಂದು, ನೀನು—” ಎಂದು ತಡವರಿಸಿದರು. ಅವರ ದನಿಯಲ್ಲಿ ಅಷ್ಟೊಂದು ದಿಗಿಲಿತ್ತು. ಅವಳಿಗೆ ಒಂದು ಕ್ಷಣ ಕೈ ಚಾಚಿ ಗೊಂಚಲನ್ನು ಎತ್ತಿಕೊಳ್ಳಬೇಕೆನಿಸಿತು. ಚಾಚಲಿಲ್ಲ. ಕಟ್ಟೆಯ ಹಿಂದಿನಿಂದ ಬ್ಯಾಗು ತೆಗೆದುಕೊಂಡಳು. ಅಮ್ಮನ ಕಡೆ ನೋಡಿದಳು. ಅಮ್ಮ ಕೈಯಲ್ಲೇ ಹೋಗು ಹೋಗು ಎಂದರು, ಕೋಳಿಮರಿಯನ್ನು ಓಡಿಸುವ ಹಾಗೆ.

ಸೊಂಟದ ಒಂದು ಬದಿ ಹಗುರವಾಗಿ, ಅವಳು ನಡೆದದ್ದು ಸ್ವಲ್ಪ ವಾಲಿದಂತಿತ್ತು. ಷಟರಿನ ಹತ್ತಿರ ಹೋಗಿ ನಿಂತು, ಕೈ ಒರೆಸಿಕೊಂಡು, “ಚಕ್ರದ ಮೇಲೆ ನಿಂತಿದೆ” ಎಂದಳು. “ಇನ್ನು ನೀವುಂಟು, ನಿಮ್ಮ…”

ಅಲ್ಲಿಗೇ ಬಿಟ್ಟು, ಬಗ್ಗಿ, ಆ ಬದಿಗೆ ಹೋಗಿ ನೆಟ್ಟಗಾದಳು. ಬೀಗದ ಕೈಯವನು ಯಂತ್ರ ನಿಲ್ಲಿಸಿ ತಲೆ ಎತ್ತಿ ನೋಡುವಷ್ಟರಲ್ಲಿ ಅವಳು ಅವನ ಪೆಟ್ಟಿಗೆಯನ್ನು ದಾಟಿ, ಬಸ್ಸು ಬರುವ ತಿರುವಿನ ಕಡೆಗೆ ನಡೆದಿದ್ದಳು.